ಮಾಲ್ಗುಡಿಗೆ ಜೀವ ತುಂಬಿದ ಹೊನ್ನಾವರದ ಶಂಕರ್ ನಾಗ್ ಮತ್ತು ಅವರ ಬಳಗ

ಭಟ್ಕಳ ತಾಲೂಕಿನ ತೆಂಗಿನಗುಂಡಿಯ ಮೀನುಗಾರಿಕಾ ಬಂದರಿನಿಂದ ಶಿರಾಲಿಯ ಚಿತ್ರಾಪುರ ಮಠಕ್ಕೆ ಬಹಳ ದೂರವೇನಿಲ್ಲ. ಅಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿದರೆ ಮುರ್ಡೇಶ್ವರ, ಮಂಕಿ ದಾಟಿದ ಮೇಲೆ ಶರಾವತಿ ಕಡಲು ಸೇರುವ ಹೊನ್ನಾವರ ಸಿಗುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ತೆಂಗು-ಅಡಿಕೆಯ ತೋಟಗಳ ಕಿರಿದಾದ ಪಟ್ಟಿ. ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬಗಳು ತಲೆಮಾರುಗಳಿಂದ ಬಾಳಿದ ಈ ಪಟ್ಟಿಯಿಂದ ಹೊರಟ ನಾಗರಕಟ್ಟೆ ಮನೆತನದ ಇಬ್ಬರು ಸಹೋದರರನ್ನು ಕನ್ನಡಿಗರು ಅನಂತ್ ನಾಗ್, ಶಂಕರ್ ನಾಗ್ ಎಂದು ಕರೆದರು. ಅವರಲ್ಲಿ ಕಿರಿಯವರು ಬದುಕಿದ್ದು 36 ವರ್ಷವೂ ತುಂಬದಷ್ಟು ಕಾಲ. ಆ ಅಲ್ಪಾಯುಷ್ಯದಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಕರ್ನಾಟಕದ ಗಡಿಯಾಚೆಗೆ ಅತಿ ದೂರ ತಲುಪಿದ್ದು ಒಂದು ದೂರದರ್ಶನ ಧಾರಾವಾಹಿ, 'ಮಾಲ್ಗುಡಿ ಡೇಸ್'.

ಧಾರಾವಾಹಿ ಪ್ರಸಾರವಾಗಿ ನಾಲ್ಕು ದಶಕಗಳೇ ಸಂದಿವೆ. ಅದರಲ್ಲಿ ಬಣ್ಣ ಹಚ್ಚಿದವರು, ಕ್ಯಾಮೆರಾ ಹಿಡಿದವರು, ಸಂಗೀತ ನೀಡಿದವರು ಆಮೇಲೆ ಎಲ್ಲೆಲ್ಲಿ ಹೋದರು ಎಂದು ಹುಡುಕುತ್ತ ಹೊರಟರೆ, ಪ್ರತಿ ದಾರಿಯೂ ಎಲ್ಲೋ ಒಂದು ಕಡೆ ಶಂಕರ್ ನಾಗ್ ಅವರ ಬದುಕಿಗೇ ಬಂದು ಕೂಡಿಕೊಳ್ಳುತ್ತದೆ.

ಶಂಕರ್ ಜನಿಸಿದ್ದು 1954ರ ನವೆಂಬರ್ 9ರಂದು, ಹೊನ್ನಾವರ ಸಮೀಪದ ಮಲ್ಲಾಪುರದಲ್ಲಿ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಆಗ ಉತ್ತರ ಕನ್ನಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದ ಭಾಗವಾಗಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ಪುನರ್ವಿಂಗಡಣೆಯಲ್ಲಿ. ಓದಿಗೂ ಉದ್ಯೋಗಕ್ಕೂ ಈ ಕರಾವಳಿಯ ಜನ ಬೆಂಗಳೂರಿನತ್ತ ನೋಡುವುದಕ್ಕಿಂತ ಮೊದಲು ಮುಂಬಯಿಯತ್ತ ನೋಡುತ್ತಿದ್ದ ಕಾಲವದು. ಚಿತ್ರಾಪುರ ಮಠದ ಪರಿಸರದಲ್ಲಿ ಕೆಲಕಾಲ ಬೆಳೆದ ಅಣ್ಣ ಅನಂತ್ ಓದಿಗಾಗಿ ಮುಂಬಯಿ ಸೇರಿದರು. ಶಂಕರ್ ಕೂಡ ಅದೇ ಹಾದಿ ಹಿಡಿದರು. ಇಬ್ಬರನ್ನೂ ಸೆಳೆದುಕೊಂಡದ್ದು ಆ ನಗರದ ರಂಗಭೂಮಿ. ಅನಂತ್ ಅಲ್ಲಿಂದ ಶ್ಯಾಮ್ ಬೆನೆಗಲ್ ಅವರ 'ಅಂಕುರ್' (1974) ಚಿತ್ರಕ್ಕೆ ನಡೆದರು. ಶಂಕರ್ ಮರಾಠಿ ನಾಟಕಗಳಲ್ಲಿ ಮುಳುಗಿದರು, ಮರಾಠಿ ಚಿತ್ರ 'ಸರ್ವಸಾಕ್ಷಿ'ಯ ಚಿತ್ರಕಥೆಯಲ್ಲಿ ಕೈಜೋಡಿಸಿದರು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರಿಗೆ ಪರಿಚಯವಾದದ್ದೂ ಈ ರಂಗಭೂಮಿಯಲ್ಲೇ.

ಕನ್ನಡಕ್ಕೆ ಅವರನ್ನು ಕರೆತಂದವರು ಗಿರೀಶ್ ಕಾರ್ನಾಡ್. ಉತ್ತರ ಕನ್ನಡದ ಶಿರಸಿಯಲ್ಲಿ ಬಾಲ್ಯ ಕಳೆದ, ಅದೇ ಸಾರಸ್ವತ ಸಮುದಾಯದ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' (1978) ಚಿತ್ರಕ್ಕೆ ಗಂಡುಗಲಿಯ ಪಾತ್ರಧಾರಿಯನ್ನು ಅರಸುತ್ತಿದ್ದರು. ಕತ್ತಿ ಹಿಡಿದ ಕೂಲಿಯೋಧನ ಆ ಪಾತ್ರಕ್ಕೆ ಶಂಕರ್ ತಂದ ಚುರುಕು, ಮೈಮಾತಿನ ಬಿಗುವು ಕನ್ನಡಕ್ಕೆ ಹೊಸತು. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಯೂ ಅದಕ್ಕೆ ದೊರೆಯಿತು. ಮೊದಲ ಕನ್ನಡ ಚಿತ್ರದಲ್ಲೇ ಇಂಥ ಮನ್ನಣೆ ಪಡೆದ ನಟ ಆಮೇಲೆ ಕಲಾತ್ಮಕ ಚಿತ್ರಗಳಲ್ಲೇ ಉಳಿಯುತ್ತಾರೆಂದು ಭಾವಿಸಿದವರಿಗೆ ನಿರಾಸೆ ಕಾದಿತ್ತು. 1980ರಲ್ಲಿ 'ಆಟೋ ರಾಜ' ಬಂತು, ಮರುವರ್ಷ 'ಗೀತಾ'. ಹೊಡೆದಾಟದ ಚಿತ್ರಗಳು ಸಾಲುಗಟ್ಟಿದವು, ಕರಾಟೆ ಕಿಂಗ್ ಎಂಬ ಬಿರುದು ಅಂಟಿಕೊಂಡಿತು. ಹನ್ನೆರಡು ವರ್ಷಗಳ ಅವಧಿಯಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು.

ಅವುಗಳಲ್ಲಿ ಬಹುಪಾಲು ಇಂದು ಯಾರ ನೆನಪಿನಲ್ಲೂ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಆದರೆ ಆ ಚಿತ್ರಗಳಿಂದ ಬಂದ ಹಣ ಎತ್ತ ಹರಿಯಿತು ಎಂಬುದು ಮುಖ್ಯ. ಹಗಲು ನಾಯಕನಾಗಿ ದುಡಿದು, ಉಳಿದ ಹೊತ್ತಿನಲ್ಲಿ ತಮ್ಮದೇ ಚಿತ್ರ, ತಮ್ಮದೇ ನಾಟಕ ಕಟ್ಟುವುದು ಅವರ ಕ್ರಮವಾಗಿತ್ತು. ಅವರ ನಿರ್ದೇಶನದ ಮೊದಲ ಚಿತ್ರ 'ಮಿಂಚಿನ ಓಟ' ಬಂದದ್ದು 'ಆಟೋ ರಾಜ' ಬಂದ ವರ್ಷವೇ. ಪಾದಚಾರಿ ಮಾರ್ಗದಲ್ಲಿ ಮಲಗಿದ ಬಡವರ ಮೇಲೆ ಉಳ್ಳವರ ಮಕ್ಕಳ ಕಾರು ಹರಿದು, ಅಧಿಕಾರದ ಬಲದಿಂದ ಪ್ರಕರಣ ಮುಚ್ಚಿಹೋಗುವ ಕತೆಯ 'ಆಕ್ಸಿಡೆಂಟ್' ರಾಷ್ಟ್ರಪ್ರಶಸ್ತಿ ಗಳಿಸಿತು. 'ಸಂಕೇತ್' ಹೆಸರಿನಲ್ಲಿ ನಾಟಕ ತಂಡ ನಡೆಯಿತು. ಅದೇ ಹೆಸರಿನಲ್ಲಿ ಬೆಂಗಳೂರಿನಲ್ಲಿ ಧ್ವನಿಮುದ್ರಣ ಸ್ಟುಡಿಯೋ ಎದ್ದಿತು. ಕನ್ನಡ ಚಿತ್ರದ ಮಾತು-ಸಂಗೀತದ ಕೆಲಸಕ್ಕಾಗಿ ಮದರಾಸಿಗೆ ಅಲೆಯಬೇಕಾಗಿದ್ದ ದಿನಗಳಲ್ಲಿ ಆ ಸ್ಟುಡಿಯೋದ ಬೆಲೆ ಏನೆಂದು ಚಿತ್ರೋದ್ಯಮದ ಹಳಬರಿಗೆ ಗೊತ್ತು.

ಇಂಥ ಭರಾಟೆಯ ನಡುವೆ ಆರ್.ಕೆ. ನಾರಾಯಣ್ ಅವರ ಕತೆಗಳು ಶಂಕರ್ ಕೈಗೆ ಬಂದವು. ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರಿಗೆ ಮಾಲ್ಗುಡಿಯನ್ನು ಕಿರುತೆರೆಗೆ ತರುವ ಹಂಬಲವಿತ್ತು. ತಮ್ಮ 'ದ ಗೈಡ್' ಕಾದಂಬರಿ 1965ರಲ್ಲಿ ಹಿಂದಿ ಚಿತ್ರವಾದ ಬಗೆಯಿಂದ ನಾರಾಯಣ್ ನೊಂದಿದ್ದರು. ತಮ್ಮ ಊರನ್ನು ಇನ್ನೊಮ್ಮೆ ಕ್ಯಾಮೆರಾಕ್ಕೆ ಒಪ್ಪಿಸುವುದು ಅವರಿಗೆ ಸುಲಭದ ಮಾತಾಗಿರಲಿಲ್ಲ. ಹೊಡೆದಾಟದ ನಾಯಕನೊಬ್ಬ ಆ ಸೂಕ್ಷ್ಮ ಹಾಸ್ಯದ ಕತೆಗಳನ್ನು ನಿಭಾಯಿಸಬಲ್ಲನೇ ಎಂಬ ಅನುಮಾನ ಹೊರಗಿನವರಿಗೆ ಬಂದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ನಕ್ಷೆಯಲ್ಲಿಲ್ಲದ ಊರಿಗೆ ಶಂಕರ್ ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನು. ಜಡಿಮಳೆಗೆ ಹೆಸರಾದ ಆ ಊರಿನ ಒಂದೇ ಬೀದಿ, ಹೆಂಚಿನ ಮನೆಗಳು, ಕಂಬದ ಚೌಕಿಯ ದೊಡ್ಡಮನೆ ಮಾಲ್ಗುಡಿಯಾದವು. ರೈಲು ನಿಲ್ದಾಣವಿಲ್ಲದ ಆಗುಂಬೆಗೆ ಹೊಸನಗರ ತಾಲೂಕಿನ ಅರಸಾಳು ನಿಲ್ದಾಣ ನೆರವಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಮಲೆನಾಡಿನ ಊರಿಗೆ ಬ್ರಿಟಿಷ್ ಕಾಲದ ವೇಷ ತೊಡಿಸಿದರು. ಛಾಯಾಗ್ರಾಹಕ ಎಸ್. ರಾಮಚಂದ್ರ, ಸಂಗೀತಕ್ಕೆ ಎಲ್. ವೈದ್ಯನಾಥನ್, ರೇಖಾಚಿತ್ರಗಳಿಗೆ ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್. 1986ರಲ್ಲಿ ದೂರದರ್ಶನದಲ್ಲಿ ಪ್ರಸಾರ ಆರಂಭವಾದಾಗ ದೇಶದ ಮನೆಗಳಲ್ಲಿ ಬೇರೆ ವಾಹಿನಿಯೇ ಇರಲಿಲ್ಲ. ಶಂಕರ್ ನಿರ್ದೇಶಿಸಿದ ಕಂತುಗಳ ಸಂಖ್ಯೆ 39. ಮಾತು ಹಿಂದಿಯದ್ದು, ಆದರೆ ಮುಖ, ಮನೆ, ಮಳೆ ಎಲ್ಲವೂ ಕನ್ನಡದವು. ಉತ್ತರ ಭಾರತದ ವೀಕ್ಷಕರು ಮಲೆನಾಡನ್ನು ಮಲೆನಾಡೆಂದು ತಿಳಿಯದೆಯೇ ಪ್ರೀತಿಸಿದರು.

ಪಾತ್ರಗಳ ಆಯ್ಕೆಯಲ್ಲೊಂದು ಸ್ವಾರಸ್ಯವಿದೆ. ಸ್ವಾಮಿಯ ಶಿಸ್ತಿನ ಅಪ್ಪನಾಗಿ ಬಂದವರು ಗಿರೀಶ್ ಕಾರ್ನಾಡ್. ಎಂಟು ವರ್ಷಗಳ ಹಿಂದೆ ತಾವೇ ಬೆಳಕಿಗೆ ತಂದ ಹುಡುಗನ ಅಪ್ಪಣೆಯಂತೆ ಅವರು ಈಗ ಕ್ಯಾಮೆರಾದ ಮುಂದೆ ನಿಂತರು. ತಾಯಿಯ ಪಾತ್ರ ವೈಶಾಲಿ ಕಾಸರವಳ್ಳಿ ಅವರದು. ಮಿಠಾಯಿ ಅಂಗಡಿಯ ಗಾಂಧಿವಾದಿ ಜಗನ್ ಆದವರು ಅಣ್ಣ ಅನಂತ್ ನಾಗ್. ತಿಂಗಳಿಗೆ 45 ರೂಪಾಯಿ ಸಂಬಳಕ್ಕಾಗಿ ಮಗಳಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಾಗದ ಗುಮಾಸ್ತನ ಪಾತ್ರವನ್ನು ವಿಷ್ಣುವರ್ಧನ್ ಮಾಡಿದರು. ಆಗ ಅವರು ಕನ್ನಡ ಬೆಳ್ಳಿತೆರೆಯ ಮುಂಚೂಣಿಯ ನಾಯಕ. ತಾರೆಯೊಬ್ಬರು ಒಂದು ಸಣ್ಣ ಕಂತಿನಲ್ಲಿ ಸೋತ ಮನುಷ್ಯನಾಗಿ ಕಾಣಿಸಿಕೊಳ್ಳಲು ಒಪ್ಪಿದ್ದು ಕತೆಯ ಮೇಲಿನ ಗೌರವದಷ್ಟೇ ಶಂಕರ್ ಮೇಲಿನ ವಿಶ್ವಾಸವನ್ನೂ ತೋರಿಸುತ್ತದೆ.

ಧಾರಾವಾಹಿಯ ನಂತರ ಶಂಕರ್ ಅವರಿಗೆ ಉಳಿದದ್ದು ನಾಲ್ಕೇ ವರ್ಷ. ಆ ವರ್ಷಗಳ ವೇಗ ಗಾಬರಿ ಹುಟ್ಟಿಸುವಂಥದು. 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಮುತ್ತು ಹುಡುಕುವ ಕಡಲ ಮಕ್ಕಳ ನಡುವೆ ನಿಲ್ಲಿಸಿ 'ಒಂದು ಮುತ್ತಿನ ಕಥೆ' ತೆಗೆದರು. ಜನ ಅದನ್ನು ನಿರೀಕ್ಷಿಸಿದಷ್ಟು ಅಪ್ಪಿಕೊಳ್ಳಲಿಲ್ಲ. ಮರುವರ್ಷ 'ಸಾಂಗ್ಲಿಯಾನ' ಚಿತ್ರದ ಪೊಲೀಸ್ ಅಧಿಕಾರಿಯಾಗಿ ನಟಿಸಿ ಮತ್ತೆ ಗೆದ್ದರು. ಸಂಕೇತ್ ತಂಡಕ್ಕಾಗಿ ಕಾರ್ನಾಡರ 'ನಾಗಮಂಡಲ'ವನ್ನು ರಂಗಕ್ಕೆ ತಂದರು. ಬೆಂಗಳೂರಿಗೊಂದು ಮೆಟ್ರೋ, ನಂದಿ ಬೆಟ್ಟಕ್ಕೆ ರೋಪ್‌ವೇ, ನಾಟಕಕ್ಕೆಂದೇ ಮೀಸಲಾದ ರಂಗಮಂದಿರ... ಅವರ ಕನಸುಗಳ ಪಟ್ಟಿಯನ್ನು ಅಭಿಮಾನಿಗಳು ಇಂದಿಗೂ ಒಪ್ಪಿಸುತ್ತಾರೆ. 2011ರಲ್ಲಿ ಓಡತೊಡಗಿದ ನಮ್ಮ ಮೆಟ್ರೋದ ಕೀರ್ತಿಯನ್ನೂ ಅವರಿಗೇ ಸಲ್ಲಿಸುವುದು ಅಭಿಮಾನದ ಅತಿರೇಕ. ಪಟ್ಟಿಯ ಕೊನೆಯ ಕನಸಿನ ಮಾತು ಬೇರೆ.

1990ರ ಸೆಪ್ಟೆಂಬರ್ 30ರಂದು, ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕೆಂದು ಪತ್ನಿ, ಪುಟ್ಟ ಮಗಳೊಡನೆ ಹೊರಟಿದ್ದ ಅವರ ಕಾರು ದಾವಣಗೆರೆ ಸಮೀಪದ ಆನಗೋಡಿನ ಬಳಿ ಅಪಘಾತಕ್ಕೀಡಾಯಿತು. ಶಂಕರ್ ಉಳಿಯಲಿಲ್ಲ. ತೀವ್ರವಾಗಿ ಗಾಯಗೊಂಡ ಅರುಂಧತಿ ಮತ್ತು ಮಗಳು ಬದುಕುಳಿದರು. ಮುಗಿದಿದ್ದ ಚಿತ್ರಗಳು ನಾಯಕನಿಲ್ಲದೆ ತೆರೆ ಕಂಡವು. 'ಸುಂದರಕಾಂಡ' ಬಂದದ್ದು 1991ರಲ್ಲಿ. ರಾಜ್ಯದ ಆಟೋಗಳ ಮೇಲೆ ಆ ಗುಂಗುರು ಕೂದಲಿನ ಮುಖ ಅಚ್ಚಾಯಿತು. ಅವರು ತೀರಿಕೊಂಡ ಮೇಲೆ ಹುಟ್ಟಿದ ಚಾಲಕರ ಆಟೋಗಳ ಹಿಂದೆಯೂ ಆ ಚಿತ್ರ ಕಾಣುತ್ತದೆ.

ಸ್ವಾಮಿಯಾಗಿ ದೇಶದ ಮನಗೆದ್ದ ಮಾಸ್ಟರ್ ಮಂಜುನಾಥ್ ಆಗಿನ್ನೂ ಹದಿಹರೆಯದ ಹೊಸ್ತಿಲಲ್ಲಿದ್ದ ಬಾಲಕ. ಅದೇ 1990ರಲ್ಲಿ ತೆರೆಗೆ ಬಂದ ಹಿಂದಿಯ 'ಅಗ್ನಿಪಥ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವನ್ನು ಅವರು ಅಭಿನಯಿಸಿದ್ದರು. ಟೋಪಿ ತೊಟ್ಟು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದ ಸ್ವಾಮಿಯ ಕಣ್ಣುಗಳಲ್ಲಿ ಅಷ್ಟೊಂದು ಸಿಟ್ಟು ಎಲ್ಲಿ ಅಡಗಿತ್ತೆಂದು ಬೆರಗಾದವರು ಅನೇಕರು. ಬಾಲನಟರಿಗೆ ಬೆಳೆಯುವುದೇ ಒಂದು ಅಪರಾಧವೆಂಬಂತೆ ಚಿತ್ರರಂಗ ನಡೆದುಕೊಳ್ಳುತ್ತದೆ. ಮಂಜುನಾಥ್ ಆ ಶಿಕ್ಷೆಗೆ ಕಾಯಲಿಲ್ಲ. ಇಪ್ಪತ್ತು ತುಂಬುವ ಮೊದಲೇ ನಟನೆಗೆ ತೆರೆ ಎಳೆದರು. ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು, ಸಿನಿಮಾ ಛಾಯಾಗ್ರಹಣದಲ್ಲಿ ಡಿಪ್ಲೊಮಾ ಮುಗಿಸಿ ಸಾರ್ವಜನಿಕ ಸಂಪರ್ಕದ ವೃತ್ತಿಗೆ ಹೊರಳಿದರು. ಜನ ಅವರನ್ನು ಗುರುತಿಸುವುದು ಮಾತ್ರ ಇಂದಿಗೂ ಸ್ವಾಮಿಯೆಂದೇ.

ಗಿರೀಶ್ ಕಾರ್ನಾಡರ ಆಮೇಲಿನ ಬದುಕು ನಾಡಿಗೆ ತಿಳಿದದ್ದೇ. 1990ರಲ್ಲಿ 'ತಲೆದಂಡ', ಮುಂದೆ 'ಅಗ್ನಿ ಮತ್ತು ಮಳೆ', 1998ರಲ್ಲಿ ಜ್ಞಾನಪೀಠ, 1999ರಲ್ಲಿ ಕುವೆಂಪು ಕಾದಂಬರಿ ಆಧರಿಸಿದ 'ಕಾನೂರು ಹೆಗ್ಗಡತಿ', ಬಳಿಕ ಲಂಡನ್ನಿನ ನೆಹರೂ ಕೇಂದ್ರದ ನಿರ್ದೇಶಕ ಹುದ್ದೆ. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ನಿಧನರಾದಾಗ, ಅವರ ಇಚ್ಛೆಯಂತೆ ಸರ್ಕಾರಿ ಗೌರವವಾಗಲಿ ಧಾರ್ಮಿಕ ವಿಧಿಯಾಗಲಿ ಇಲ್ಲದೆ ಅಂತ್ಯಸಂಸ್ಕಾರ ನಡೆಯಿತು. ನಾಟಕಕಾರನೆಂದು ಅವರನ್ನು ಓದಿರದ ಲಕ್ಷಾಂತರ ಮಂದಿಗೆ ಅಂದು ತೀರಿಕೊಂಡದ್ದು ಸ್ವಾಮಿಯ ಅಪ್ಪ.

ಸ್ವಾಮಿಯ ಅಮ್ಮ ಅದಕ್ಕೂ ಮೊದಲೇ ಹೊರಟುಹೋಗಿದ್ದರು. ವೈಶಾಲಿ ಕಾಸರವಳ್ಳಿ ಅವರ ಬಗ್ಗೆ ಬರೆಯಬೇಕಾದಷ್ಟು ಯಾರೂ ಬರೆದಿಲ್ಲ. ಪತಿ ಗಿರೀಶ್ ಕಾಸರವಳ್ಳಿ ಅವರ 'ತಾಯಿ ಸಾಹೇಬ' (1997) ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಅವರು ಆಮೇಲೆ ಕಿರುತೆರೆಯಲ್ಲಿ ನಿರ್ದೇಶಕರ ಕುರ್ಚಿಯಲ್ಲೇ ಕುಳಿತರು. ಉತ್ತರ ಕರ್ನಾಟಕದ ಭಾಷೆ, ಮನೆತನದ ಗತ್ತುಗಳನ್ನು ತೋರಿಸಿದ 'ಮೂಡಲ ಮನೆ' ಧಾರಾವಾಹಿ ಅವರ ಕೈಯಲ್ಲಿ ಅರಳಿದ್ದು. ಮೈಸೂರು-ಬೆಂಗಳೂರಿನ ಮಾತನ್ನೇ ಕೇಳಿ ಬೇಸತ್ತಿದ್ದ ಕನ್ನಡ ಕಿರುತೆರೆಗೆ ಅದು ಧಾರವಾಡದ ಕಡೆಯ ಗಾಳಿ ತಂದಿತು. ಧಾರಾವಾಹಿಯೆಂದರೆ ಅಳು, ಒಳಸಂಚು ಎಂಬ ಸೂತ್ರಕ್ಕೆ ಒಪ್ಪಿಸಿಕೊಳ್ಳದೆಯೂ ಮನೆಮನೆಯನ್ನು ತಲುಪಬಹುದೆಂಬುದನ್ನು ಮಾಲ್ಗುಡಿಯ ಅಂಗಳದಲ್ಲಿ ಕಂಡಿದ್ದವರು ಅದನ್ನು ಸ್ವತಃ ಮಾಡಿ ತೋರಿಸಿದರು. ಅವರು ನಿಧನರಾದದ್ದು 2010ರ ಸೆಪ್ಟೆಂಬರ್ 27ರಂದು. ಶಂಕರ್ ಅಗಲಿ ಇಪ್ಪತ್ತು ವರ್ಷ ತುಂಬಲು ಇನ್ನು ಮೂರೇ ದಿನ ಬಾಕಿ ಇತ್ತು.

ಗುಮಾಸ್ತನಾಗಿದ್ದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು. ಸಂಗೀತಗಾರ ವೈದ್ಯನಾಥನ್ 2007ರಲ್ಲಿ, ಛಾಯಾಗ್ರಾಹಕ ರಾಮಚಂದ್ರ 2011ರಲ್ಲಿ ಇಲ್ಲವಾದರು. ನಾರಾಯಣ್ 2001ರಲ್ಲಿ, ಲಕ್ಷ್ಮಣ್ 2015ರ ಗಣರಾಜ್ಯ ದಿನದಂದು. ಮಾಲ್ಗುಡಿಯ ಬೀದಿಗೆ ಜೀವ ತುಂಬಿದವರ ಸಂಖ್ಯೆ ಹೀಗೆ ಕುಗ್ಗುತ್ತ ಬಂದಿದೆ. ವೈದ್ಯನಾಥನ್ ಸಂಯೋಜಿಸಿದ ಶೀರ್ಷಿಕೆ ರಾಗ ಮಾತ್ರ ಅವರ ಹೆಸರು ಗೊತ್ತಿಲ್ಲದವರ ಮೊಬೈಲ್‌ಗಳಲ್ಲೂ ಮೊಳಗುತ್ತಿರುತ್ತದೆ.

ಅನಂತ್ ನಾಗ್ ಅವರ ಪಾಲಿಗೆ ತಮ್ಮನ ಸಾವು ಬದುಕಿನ ದಿಕ್ಕನ್ನೇ ತಿರುಗಿಸಿತೆನ್ನಬಹುದು. ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಸಹೋದರರಿಬ್ಬರೂ ಜನತಾ ಪಕ್ಷದ ಪರ ಪ್ರಚಾರಕ್ಕೆ ಇಳಿದಿದ್ದರು. 1994ರಲ್ಲಿ ಬೆಂಗಳೂರಿನ ಮಲ್ಲೇಶ್ವರಂ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದ ಅನಂತ್, ಜೆ.ಎಚ್. ಪಟೇಲ್ ಅವರ ಸರ್ಕಾರದಲ್ಲಿ ಸಚಿವರೂ ಆದರು. ರಾಜಕಾರಣ ಅವರಿಗೆ ಒಗ್ಗಲಿಲ್ಲ. ಕನ್ನಡ ಚಿತ್ರರಂಗಕ್ಕೆ ಅದರಿಂದ ಲಾಭವೇ ಆಯಿತು. 'ಮುಂಗಾರು ಮಳೆ' (2006), ಮರೆವಿನ ಕಾಯಿಲೆಯ ವೃದ್ಧನಾಗಿ ಕಾಡಿದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016), 'ಕೆಜಿಎಫ್' (2018)... ಹೊಸ ತಲೆಮಾರಿನ ನಿರ್ದೇಶಕರು ಅವರನ್ನು ಹುಡುಕಿಕೊಂಡು ಬಂದರು. 2025ರಲ್ಲಿ ಪದ್ಮಭೂಷಣ ಸಂದಿತು. ತಮ್ಮನ ಕುರಿತು ಅವರು ಬರೆದ 'ನನ್ನ ತಮ್ಮ ಶಂಕರ' ಪುಸ್ತಕ, ಮೆರೆಸುವ ಚರಿತ್ರೆಗಳ ರಾಶಿಯಲ್ಲಿ ಶಂಕರ್ ಅವರನ್ನು ಮನೆಯವರ ಕಣ್ಣಿನಿಂದ ಕಾಣಿಸಿತು.

ಉಳಿದ ಎಲ್ಲರಿಗಿಂತ ಕಠಿಣವಾದ ಹೊಣೆ ಬಿದ್ದದ್ದು ಅರುಂಧತಿ ನಾಗ್ ಅವರ ಮೇಲೆ. ಮೈಯ ಗಾಯಗಳು ಮಾಯಬೇಕಿತ್ತು, ಮಗಳನ್ನು ಬೆಳೆಸಬೇಕಿತ್ತು, ಶಂಕರ್ ಶುರುಮಾಡಿ ಬಿಟ್ಟುಹೋದ ಕೆಲಸಗಳನ್ನು ಏನು ಮಾಡಬೇಕೆಂದು ತೀರ್ಮಾನಿಸಬೇಕಿತ್ತು. ಮುಂಬಯಿಗೆ ಮರಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆಕೆ ಬೆಂಗಳೂರಿನಲ್ಲೇ ಉಳಿದು, ಪಟ್ಟಿಯ ಆ ಕೊನೆಯ ಕನಸನ್ನು ಆರಿಸಿಕೊಂಡರು. ಬೆಂಗಳೂರಿನ ತಂಡಗಳು ಆಗ ನಾಟಕಕ್ಕೆ ಬಹುಮಟ್ಟಿಗೆ ನೆಚ್ಚಿಕೊಂಡದ್ದು ರವೀಂದ್ರ ಕಲಾಕ್ಷೇತ್ರವನ್ನು. ಸಮಾರಂಭ, ಸನ್ಮಾನಗಳ ನಡುವೆ ಅದರ ತಾರೀಖು ಸಿಗುವುದೇ ದುಸ್ತರ. ರಂಗಕರ್ಮಿಗಳಿಗೆ ಕೈಗೆಟುಕುವ ಬಾಡಿಗೆಯಲ್ಲಿ, ನಾಟಕಕ್ಕೆಂದೇ ಕಟ್ಟಿದ ಒಂದು ಮನೆ ಬೇಕಿತ್ತು.

ಜೆ.ಪಿ. ನಗರದಲ್ಲಿ ಸರ್ಕಾರದಿಂದ ಜಾಗ ದೊರೆಯಿತು. ಹಣ ದೊರೆಯಲು ವರ್ಷಗಳೇ ಹಿಡಿದವು. ಸಂಸ್ಥೆಗಳ, ಸಿರಿವಂತರ ಬಾಗಿಲು ತಟ್ಟಿ, ಕಾರ್ನಾಡರಂಥ ಹಿರಿಯರ ಬೆಂಬಲ ಪಡೆದು ಕಟ್ಟಡ ಮೇಲೇಳುವಾಗ ಶಂಕರ್ ತೀರಿಕೊಂಡು ಹದಿನಾಲ್ಕು ವರ್ಷ ಕಳೆದಿತ್ತು. 'ರಂಗಶಂಕರ' ತೆರೆದದ್ದು 2004ರ ಅಕ್ಟೋಬರ್‌ನಲ್ಲಿ. ಮುನ್ನೂರಕ್ಕೂ ಹೆಚ್ಚು ಆಸನಗಳು, ಪ್ರೇಕ್ಷಕರತ್ತ ಚಾಚಿಕೊಂಡ ವೇದಿಕೆ, ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿಗೂ ಮುಟ್ಟುವ ಮಾತು. ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ ಎಂಬ ಸಂಕಲ್ಪ. ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವ ಅಲ್ಲಿನ ಕಟ್ಟುನಿಟ್ಟು ನಗರದ ಜನಕ್ಕೆ ಮೊದಮೊದಲು ಸಿಟ್ಟು ತರಿಸಿತು, ಕ್ರಮೇಣ ಅಭ್ಯಾಸವಾಯಿತು. ಮಕ್ಕಳ ನಾಟಕಕ್ಕೆಂದೇ ಅಲ್ಲಿ ಪ್ರತ್ಯೇಕ ಯೋಜನೆಯಿದೆ. ಹವ್ಯಾಸಿ ತಂಡಗಳಿಗೆ ಅದೊಂದು ನೆಲೆಯಾಗಿದೆ.

ನಟಿಯಾಗಿ ಅರುಂಧತಿ ಅವರ ಗಳಿಕೆಯೂ ಕಡಿಮೆಯದಲ್ಲ. 'ಪಾ' (2009) ಚಿತ್ರದ ಅಜ್ಜಿಯ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿಯೆಂಬ ರಾಷ್ಟ್ರಪ್ರಶಸ್ತಿ, 2010ರಲ್ಲಿ ಪದ್ಮಶ್ರೀ. ಹೀಗಿದ್ದೂ ಸಿನಿಮಾವನ್ನು ಪಕ್ಕಕ್ಕಿಟ್ಟು, ವರ್ಷದ ಬಹುಪಾಲನ್ನು ಒಂದು ಕಟ್ಟಡದ ಬೆಳಕು, ಬಾಡಿಗೆ, ಬಾಗಿಲುಗಳ ಚಿಂತೆಯಲ್ಲಿ ಕಳೆಯುವ ಕೆಲಸವನ್ನು ಅವರು ಮೈಮೇಲೆ ಎಳೆದುಕೊಂಡರು. ಶಂಕರ್ ಉಳಿದಿದ್ದರೆ ರಂಗಮಂದಿರ ಇನ್ನೂ ಬೇಗ ಏಳುತ್ತಿತ್ತೇನೋ. ಆದರೆ ಹತ್ತಾರು ಯೋಜನೆಗಳತ್ತ ಒಟ್ಟಿಗೇ ಓಡುತ್ತಿದ್ದ ಆ ಮನುಷ್ಯ ಒಂದೇ ಮನೆಯನ್ನು ಎರಡು ದಶಕ ಕಾಲ ನಿತ್ಯ ನಡೆಸುವ ತಾಳ್ಮೆ ತೋರುತ್ತಿದ್ದರೇ ಎಂಬ ಪ್ರಶ್ನೆಗೆ ಅವರ ಆಪ್ತರೂ ಮುಗುಳ್ನಕ್ಕಾರು.

ಮಾಲ್ಗುಡಿಗೂ ಒಂದು ಮರುಹುಟ್ಟು ಸಿಕ್ಕಿತು. 2006ರಲ್ಲಿ ನರಸಿಂಹನ್ ಅವರೇ ಧಾರಾವಾಹಿಯನ್ನು ಮತ್ತೆ ಕೈಗೆತ್ತಿಕೊಂಡಾಗ ನಿರ್ದೇಶನದ ಹೊಣೆ ಕವಿತಾ ಲಂಕೇಶ್ ಅವರದಾಯಿತು. ಹದಿನೈದು ಕಂತುಗಳು ಬಂದವು. ಅವು ಕಳಪೆಯಾಗಿರಲಿಲ್ಲ. ಆದರೆ ನೂರೆಂಟು ವಾಹಿನಿಗಳ ನಡುವೆ ಕುಳಿತ ಜನಕ್ಕೆ ಬೇಕಾಗಿದ್ದದ್ದು ಹೊಸ ಮಾಲ್ಗುಡಿಯಲ್ಲ, ತಮ್ಮ ಬಾಲ್ಯದ ಹಳೆಯ ಮಾಲ್ಗುಡಿ.

ಹಳೆಯದು ಸಿಗುವ ಜಾಗವೊಂದು ಈಗ ಇದೆ. ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿದ್ದ ಅರಸಾಳಿನ ಹಳೆಯ ಕಟ್ಟಡ ಬಳಕೆಯಿಲ್ಲದೆ ಬಿದ್ದಿತ್ತು. ರೈಲ್ವೆ ಇಲಾಖೆ ಅದನ್ನು ಉಳಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ಸಿಂಗರಿಸಲು ಕರೆಬಂದದ್ದು 1980ರ ದಶಕದಲ್ಲಿ ಆಗುಂಬೆಯನ್ನು ಮಾಲ್ಗುಡಿಯಾಗಿಸಿದ್ದ ಅದೇ ಜಾನ್ ದೇವರಾಜ್ ಅವರಿಗೆ. ಶಿವಮೊಗ್ಗದಿಂದ ತಾಳಗುಪ್ಪದತ್ತ ಸಾಗುವ ರೈಲುಗಳು ಆ ಹಾದಿಯಲ್ಲೇ ಹೋಗುತ್ತವೆ. ಹಳಿ ಮುಗಿಯುವ ತಾಳಗುಪ್ಪದಲ್ಲಿ ಇಳಿದು, ಜೋಗವನ್ನು ಬಳಸಿ, ಗೇರುಸೊಪ್ಪೆ ಘಾಟಿಯ ತಿರುವುಗಳಲ್ಲಿ ಬಸ್ಸು ಹಿಡಿದು ಕೆಳಗಿಳಿದರೆ ರಸ್ತೆ ಶರಾವತಿಯ ದಂಡೆಗುಂಟ ಹೊನ್ನಾವರಕ್ಕೆ ತಲುಪುತ್ತದೆ.